ಮಳೆಗಾಲಕ್ಕೆ ಒಂದು ಜೊತೆ ಬೂಟು: ಮೊಹಮ್ಮಡನ್ ಸ್ಪೋರ್ಟಿಂಗ್ ಕಲ್ಕತ್ತಾ ಲೀಗ್ ಗೆದ್ದದ್ದು ಹೇಗೆ

ಕಲ್ಕತ್ತಾ ಫುಟ್‌ಬಾಲ್ ಮಾತು ಬಂದರೆ ಎಲ್ಲರೂ ಮೊದಲು ಹೇಳುವುದು 1911ರ ಕತೆ. ಆ ವರ್ಷ ಜುಲೈ 29ರಂದು ಮೋಹನ್ ಬಗಾನ್ ತಂಡ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟ್ ಎಂಬ ಬ್ರಿಟಿಷ್ ಸೇನಾ ತಂಡವನ್ನು 2-1ರಿಂದ ಸೋಲಿಸಿ, ಇಂಡಿಯನ್ ಫುಟ್‌ಬಾಲ್ ಅಸೋಸಿಯೇಷನ್ (ಐಎಫ್‌ಎ) ನಡೆಸುತ್ತಿದ್ದ ಐಎಫ್‌ಎ ಶೀಲ್ಡ್ ಟೂರ್ನಿ ಗೆದ್ದಿತು. ಹನ್ನೊಂದು ಜನರಲ್ಲಿ ಹತ್ತು ಮಂದಿ ಬರಿಗಾಲಲ್ಲಿ ಆಡಿದ್ದರು. ಮೈದಾನದ ಹತ್ತಿರಕ್ಕೂ ಹೋಗಲಾಗದಷ್ಟು ಜನ ಸೇರಿದ್ದರಿಂದ ಗಾಳಿಪಟ ಹಾರಿಸಿ ದೂರದವರಿಗೆ ಸ್ಕೋರ್ ತಿಳಿಸಿದರಂತೆ. ಅದು ದೊಡ್ಡ ಗೆಲುವು, ಅನುಮಾನವೇ ಇಲ್ಲ.

ಆದರೆ ನನಗೆ ಅದಕ್ಕಿಂತ ಜಾಸ್ತಿ ಹಿಡಿಸಿದ್ದು ಅದಾದ 23 ವರ್ಷಗಳ ನಂತರದ ಇನ್ನೊಂದು ಗೆಲುವು. 1934ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಎಂಬ ಕ್ಲಬ್ ಕಲ್ಕತ್ತಾ ಫುಟ್‌ಬಾಲ್ ಲೀಗ್ ಗೆದ್ದಿತು. ಭಾರತೀಯರ ಕ್ಲಬ್ ಒಂದು ಆ ಲೀಗ್ ಗೆದ್ದದ್ದು ಅದೇ ಮೊದಲು. ಅಷ್ಟರಲ್ಲಿ ಲೀಗ್ ಶುರುವಾಗಿ 36 ವರ್ಷ ಆಗಿತ್ತು. ಶೀಲ್ಡ್ 1911ರಲ್ಲೇ ಬಂತು, ಲೀಗ್ ಬರಲು ಮತ್ತೆ 23 ವರ್ಷ ಯಾಕೆ ಹಿಡಿಯಿತು? ಈ ಪ್ರಶ್ನೆಯ ಬೆನ್ನು ಹತ್ತಿ ಹೋದರೆ ಆ ಕಾಲದ ಫುಟ್‌ಬಾಲ್ ಹೇಗೆ ನಡೆಯುತ್ತಿತ್ತು, ಯಾರಿಗೆ ಬಾಗಿಲು ತೆರೆದಿತ್ತು, ಯಾರಿಗೆ ಮುಚ್ಚಿತ್ತು ಎಲ್ಲವೂ ಗೊತ್ತಾಗುತ್ತದೆ. ನಡುವೆ ನಮ್ಮ ಬೆಂಗಳೂರು ಕೂಡ ಬರುತ್ತದೆ, ಸುಮ್ನೆ ಹೆಸರಿಗೆ ಅಲ್ಲ.

ಮೊದಲು ಶೀಲ್ಡ್ ಮತ್ತು ಲೀಗ್ ನಡುವಿನ ವ್ಯತ್ಯಾಸ ಹೇಳಿಬಿಡುತ್ತೇನೆ. ಶೀಲ್ಡ್ ಅಂದರೆ ನಾಕೌಟ್. ಸೋತರೆ ಮನೆಗೆ. ನಾಲ್ಕೈದು ಪಂದ್ಯ ಚೆನ್ನಾಗಿ ಆಡಿದರೆ, ಜೊತೆಗೆ ಸ್ವಲ್ಪ ಅದೃಷ್ಟ ಸೇರಿದರೆ, ಕಪ್ ಕೈಗೆ ಬರುತ್ತದೆ. ಲೀಗ್ ಹಾಗಲ್ಲ. ಎಲ್ಲ ತಂಡಗಳೂ ಒಂದನ್ನೊಂದು ಎರಡೆರಡು ಸಲ ಎದುರಿಸಬೇಕು. ಗೆದ್ದರೆ ಎರಡು ಪಾಯಿಂಟ್, ಡ್ರಾ ಆದರೆ ಒಂದು. ತಿಂಗಳುಗಟ್ಟಲೆ ಆಡಿ, ಕೊನೆಗೆ ಯಾರ ಪಾಯಿಂಟ್ ಜಾಸ್ತಿಯೋ ಅವರೇ ಚಾಂಪಿಯನ್. ಒಂದು ದಿನದ ಆವೇಶ ಇಲ್ಲಿ ಸಾಲದು. ಗಾಯ ಆದವನ ಜಾಗಕ್ಕೆ ಇನ್ನೊಬ್ಬ ಬೇಕು, ಸೋತ ವಾರದ ನಂತರ ಮತ್ತೆ ಎದ್ದು ನಿಲ್ಲಬೇಕು. ಮುಖ್ಯವಾಗಿ, ಮಳೆಯಲ್ಲೂ ಗೆಲ್ಲಬೇಕು. ಈ ಮಳೆಯ ವಿಷಯಕ್ಕೆ ಆಮೇಲೆ ಬರುತ್ತೇನೆ, ಕತೆಯ ಅರ್ಧ ಅದರಲ್ಲೇ ಇದೆ.

ಕಲ್ಕತ್ತಾ ಲೀಗ್ ಶುರುವಾದದ್ದು 1898ರಲ್ಲಿ. ಮೊದಲ ಚಾಂಪಿಯನ್ ಗ್ಲೌಸ್ಟರ್‌ಷೈರ್ ರೆಜಿಮೆಂಟ್. ಆಡುತ್ತಿದ್ದವರೆಲ್ಲ ಸೇನಾ ತಂಡಗಳು ಮತ್ತು ಯುರೋಪಿಯನ್ನರ ಕ್ಲಬ್‌ಗಳು. ಕ್ಯಾಲ್ಕಟ್ಟಾ ಎಫ್‌ಸಿ, ಡಾಲ್‌ಹೌಸಿ, ಕಸ್ಟಮ್ಸ್, ರೇಂಜರ್ಸ್ ಇಂಥವು. ಆಟ ನಡೆಯುತ್ತಿದ್ದದ್ದು ಊರಿನ ನಡುವಿನ ಮೈದಾನ್‌ನಲ್ಲಿ. ಆ ವಿಶಾಲ ಬಯಲು ಪಕ್ಕದ ಫೋರ್ಟ್ ವಿಲಿಯಂ ಕೋಟೆಗೆ ಸೇರಿದ್ದು, ಅಂದರೆ ಸೇನೆಯದು. ಅಲ್ಲಿ ಯಾರೂ ಪಕ್ಕಾ ಕಟ್ಟಡ ಕಟ್ಟುವಂತಿಲ್ಲ. ಹಾಗಾಗಿ ಕ್ಲಬ್‌ಗಳು ಡೇರೆ ಹಾಕಿಕೊಂಡವು. ಇಂದಿಗೂ ಕೋಲ್ಕತ್ತಾದವರು ಕ್ಲಬ್ಬಿನ ಕಚೇರಿಯನ್ನು ಟೆಂಟ್ ಎಂದೇ ಕರೆಯುತ್ತಾರೆ.

ಭಾರತೀಯರು ಆಡುತ್ತಿರಲಿಲ್ಲ ಎಂದಲ್ಲ. ನಗೇಂದ್ರ ಪ್ರಸಾದ್ ಸರ್ಬಾಧಿಕಾರಿ 1870ರ ದಶಕದಲ್ಲೇ, ಇನ್ನೂ ಶಾಲೆಗೆ ಹೋಗುವ ಹುಡುಗನಾಗಿದ್ದಾಗಲೇ, ಗೆಳೆಯರನ್ನು ಸೇರಿಸಿ ಚೆಂಡು ಒದೆಯಲು ಶುರು ಮಾಡಿದ್ದರು. ಅವರು ಕಟ್ಟಿದ ಶೋಭಾಬಜಾರ್ ಕ್ಲಬ್ 1892ರಲ್ಲಿ ಟ್ರೇಡ್ಸ್ ಕಪ್ ಪಂದ್ಯದಲ್ಲಿ ಈಸ್ಟ್ ಸರ್ರೆ ರೆಜಿಮೆಂಟನ್ನು ಸೋಲಿಸಿತ್ತು. 1889ರಲ್ಲಿ ಮೋಹನ್ ಬಗಾನ್ ಹುಟ್ಟಿತು. 1891ರಲ್ಲಿ ನಮ್ಮ ಕತೆಯ ಮೊಹಮ್ಮಡನ್ ಸ್ಪೋರ್ಟಿಂಗ್. ಆಡುವವರು ಇದ್ದರು, ಕ್ಲಬ್ ಇದ್ದವು, ನೋಡುವ ಜನ ಸಾವಿರಗಟ್ಟಲೆ ಇದ್ದರು. ಲೀಗ್‌ಗೆ ಮಾತ್ರ ಪ್ರವೇಶ ಇರಲಿಲ್ಲ.

1911ರಲ್ಲಿ ಶೀಲ್ಡ್ ಗೆದ್ದ ಮೇಲೂ ಬಾಗಿಲು ಕೂಡಲೇ ತೆರೆಯಲಿಲ್ಲ. 1914ರಲ್ಲಿ ಮೋಹನ್ ಬಗಾನ್ ಮತ್ತು ಆರ್ಯನ್ಸ್ ಎರಡಕ್ಕೂ ಜಾಗ ಸಿಕ್ಕಿತು, ಅದೂ ಎರಡನೇ ಡಿವಿಜನ್‌ನಲ್ಲಿ. ಶೀಲ್ಡ್ ಗೆದ್ದ ತಂಡ ಎರಡನೇ ಡಿವಿಜನ್‌ನಿಂದ ಶುರು ಮಾಡಬೇಕು! ಮುಂದಿನ ವರ್ಷ ಮೋಹನ್ ಬಗಾನ್ ಮೊದಲ ಡಿವಿಜನ್‌ಗೆ ಏರಿತು. ಆದರೆ ಅಲ್ಲೊಂದು ನಿಯಮ ಇತ್ತು. ಮೊದಲ ಡಿವಿಜನ್‌ನಲ್ಲಿ ಭಾರತೀಯರ ಕ್ಲಬ್ ಎರಡಕ್ಕಿಂತ ಜಾಸ್ತಿ ಇರಕೂಡದು. ಎರಡನೇ ಡಿವಿಜನ್‌ನಲ್ಲಿ ಎಷ್ಟೇ ಚೆನ್ನಾಗಿ ಆಡಿದರೂ, ಆ ಎರಡು ಜಾಗ ಆಗಲೇ ತುಂಬಿದ್ದರೆ ಮೂರನೆಯವನಿಗೆ ಮೇಲೆ ಹೋಗಲು ದಾರಿ ಇಲ್ಲ. ಲೀಗ್ ಎಂಬ ವ್ಯವಸ್ಥೆಯ ಅರ್ಥವೇ ಗೆದ್ದವನು ಮೇಲೆ, ಸೋತವನು ಕೆಳಗೆ ಎಂಬುದು ಅಲ್ವಾ? ಆ ಒಂದು ನಿಯಮ ಅದನ್ನೇ ಕಿತ್ತು ಹಾಕಿತ್ತು. ಇದನ್ನು ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಈ ನಿಯಮ ಮುರಿದದ್ದು ಈಸ್ಟ್ ಬೆಂಗಾಲ್. 1920ರಲ್ಲಿ ಹುಟ್ಟಿದ ಕ್ಲಬ್ ಅದು. 1924ರಲ್ಲಿ ಎರಡನೇ ಡಿವಿಜನ್‌ನಲ್ಲಿ ಮೇಲೇರುವ ಅರ್ಹತೆ ಗಳಿಸಿತು, ಹಟ ಹಿಡಿದು ಹೋರಾಡಿತು, 1925ರಲ್ಲಿ ಮೊದಲ ಡಿವಿಜನ್‌ನಲ್ಲಿ ಆಡಿತು. ಎರಡೇ ಕ್ಲಬ್ ಎಂಬ ಗೋಡೆ ಅಲ್ಲಿಗೆ ಬಿತ್ತು. ಈಸ್ಟ್ ಬೆಂಗಾಲ್ ಆ ದಿನ ಆ ಕೆಲಸ ಮಾಡದಿದ್ದರೆ ಒಂಬತ್ತು ವರ್ಷದ ನಂತರ ಮೊಹಮ್ಮಡನ್ ಸ್ಪೋರ್ಟಿಂಗ್ ಮೊದಲ ಡಿವಿಜನ್ ಹೊಸ್ತಿಲನ್ನೇ ದಾಟಲು ಆಗುತ್ತಿರಲಿಲ್ಲ. ಈ ಎರಡು ಕ್ಲಬ್‌ಗಳ ಅಭಿಮಾನಿಗಳು ಎಷ್ಟೇ ಜಗಳ ಆಡಲಿ, ಆ ಋಣ ಮಾತ್ರ ಇದ್ದೇ ಇದೆ.

ಗೋಡೆ ಬಿದ್ದರೂ ಗೆಲುವು ಬರಲಿಲ್ಲ. ಅದಕ್ಕೆ ಕಾರಣ ಎರಡು. ಒಂದು, ಎದುರಾಳಿ ಎಂಥವರು ಎಂಬುದು. ಆಗ ಎಲ್ಲರೂ ಅಮೆಚೂರ್ ಆಟಗಾರರೇ. ಅಂದರೆ ಆಟಕ್ಕೆ ಸಂಬಳ ಇಲ್ಲ. ಬಂಗಾಳಿ ಹುಡುಗ ಹಗಲು ರೈಲ್ವೆ ಕಚೇರಿಯಲ್ಲೋ ಕಾಲೇಜಿನಲ್ಲೋ ಇದ್ದು, ಸಂಜೆ ಮೈದಾನಕ್ಕೆ ಬರುತ್ತಿದ್ದ. ಎದುರಿಗೆ ನಿಂತ ಸೈನಿಕನೂ ಹೆಸರಿಗೆ ಅಮೆಚೂರ್. ಆದರೆ ಅವನಿಗೆ ದಿನವೂ ಕವಾಯತು, ಹೊಟ್ಟೆ ತುಂಬ ಊಟ, ಆಟ ಆಡಲು ರಜೆ. ಇಬ್ಬರಿಗೂ ಒಂದೇ ಹೆಸರು, ಬದುಕು ಬೇರೆ ಬೇರೆ. ನಮ್ಮಲ್ಲಿ ಐಟಿಐ, ಎಚ್‌ಎಎಲ್ ತಂಡಗಳು ಆಟಗಾರರಿಗೆ ಕಾರ್ಖಾನೆಯಲ್ಲಿ ಕೆಲಸ ಕೊಟ್ಟು ತಂಡ ಕಟ್ಟಿದ್ದು ನೆನಪಿರುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಹೊಟ್ಟೆಪಾಡಿನ ಚಿಂತೆ ಇಲ್ಲದವನ ಆಟವೇ ಬೇರೆ. 1931, 1932, 1933, ಮೂರೂ ವರ್ಷ ಸತತವಾಗಿ ಲೀಗ್ ಗೆದ್ದದ್ದು ಡರ್ಹಮ್ ಲೈಟ್ ಇನ್‌ಫೆಂಟ್ರಿ ಎಂಬ ಸೇನಾ ತಂಡ. ಸುಲಭವಾಗಿ ಅಲುಗಾಡಿಸುವಂಥ ತಂಡ ಅಲ್ಲ.

ಎರಡನೇ ಕಾರಣ ಮಳೆ. ಬ್ರಿಟಿಷರು ಚಳಿಗಾಲವನ್ನು ಕ್ರಿಕೆಟ್‌ಗೆ ಇಟ್ಟುಕೊಂಡು ಫುಟ್‌ಬಾಲನ್ನು ಮೇ ತಿಂಗಳಿಂದ ಮುಂದಕ್ಕೆ ತಳ್ಳಿದ್ದರು. ಲೀಗ್‌ನ ಮುಕ್ಕಾಲು ಪಾಲು ಮಳೆಗಾಲದಲ್ಲೇ. ಒಣ ನೆಲದ ಮೇಲೆ ಬರಿಗಾಲಿನ ಆಟಗಾರನನ್ನು ಹಿಡಿಯುವುದು ಕಷ್ಟ. ಬೂಟಿನ ಭಾರ ಇಲ್ಲ, ಚೆಂಡಿನ ಸ್ಪರ್ಶ ನೇರ ಪಾದಕ್ಕೆ ಸಿಗುತ್ತದೆ, ತಿರುಗುವುದು ಚುರುಕು. ಆದರೆ ಒಂದು ಜೋರು ಮಳೆ ಬಂತೆಂದರೆ ಎಲ್ಲ ತಲೆಕೆಳಗು. ಮಳೆಗಾಲದಲ್ಲಿ ಗದ್ದೆ ಬದುವಿನ ಮೇಲೆ ಬರಿಗಾಲಲ್ಲಿ ಓಡಿ ಬಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಹುಲ್ಲು ಜಾರುತ್ತದೆ, ಹಿಮ್ಮಡಿ ನಿಲ್ಲುವುದಿಲ್ಲ. ಆಗಿನ ಚೆಂಡು ಬೇರೆ ಚರ್ಮದ್ದು, ನೀರು ಕುಡಿದು ಕಲ್ಲಿನ ಹಾಗೆ ಭಾರ ಆಗುತ್ತಿತ್ತು. ಅದನ್ನು ಬರಿಗಾಲಲ್ಲಿ ದೂರಕ್ಕೆ ಒದೆಯುವುದು ಎಂದರೆ ಪಾದ ಒಡೆದುಕೊಂಡ ಹಾಗೆ. ಜೊತೆಗೆ ಎದುರಿನವನ ಬೂಟಿನ ತುಳಿತ ಬೇರೆ. ಮೇ ತಿಂಗಳಲ್ಲಿ ಚೆನ್ನಾಗಿ ಆಡಿ ಮುಂದೆ ಇದ್ದ ತಂಡ ಜುಲೈ ಹೊತ್ತಿಗೆ ಪಾಯಿಂಟ್ ಕಳೆದುಕೊಳ್ಳುತ್ತಾ ಕೆಳಗೆ ಜಾರುವುದು ಸುಲಭ.

ಹಾಗಾದರೆ ಬೂಟು ಹಾಕಿಕೊಳ್ಳಬಹುದಿತ್ತಲ್ಲ ಎಂದು ಕೇಳಬಹುದು. ಬೂಟಿಗೆ ದುಡ್ಡು ಬೇಕು, ಅದೊಂದು. ಅಭ್ಯಾಸ ಬೇಕು, ಅದು ಇನ್ನೂ ದೊಡ್ಡದು. ಚಿಕ್ಕಂದಿನಿಂದ ಬರಿಗಾಲಲ್ಲಿ ಆಡಿದವನ ಕಾಲಿಗೆ ಬೂಟು ತೊಡಿಸಿದರೆ ಅವನ ಆಟದ ಅರ್ಧ ಸೊಗಸು ಹೋಗಿಬಿಡುತ್ತದೆ. ಮೇಲಾಗಿ 1911ರ ನಂತರ ಬರಿಗಾಲು ಒಂದು ಹೆಮ್ಮೆಯ ಗುರುತಾಗಿತ್ತು. ಬೂಟಿನವರನ್ನು ಬರಿಗಾಲಲ್ಲಿ ಸೋಲಿಸಿದೆವು ಎಂಬ ಹೆಮ್ಮೆ. ಆ ಹೆಮ್ಮೆ ನನಗೆ ಅರ್ಥವಾಗುತ್ತದೆ. ಆದರೆ ಅದು ಲೀಗ್ ಗೆಲ್ಲಿಸಲಿಲ್ಲ.

ಈಗ ಮೊಹಮ್ಮಡನ್ ಸ್ಪೋರ್ಟಿಂಗ್ ಹತ್ತಿರ ಬರೋಣ. 1887ರಲ್ಲಿ ಜುಬಿಲಿ ಕ್ಲಬ್ ಎಂಬ ಹೆಸರಲ್ಲಿ ಇದರ ಬೇರು ಇದೆ. ಹೆಸರು ಒಂದೆರಡು ಸಲ ಬದಲಾಗಿ 1891ರಲ್ಲಿ ಮೊಹಮ್ಮಡನ್ ಸ್ಪೋರ್ಟಿಂಗ್ ಆಯಿತು. ಕಪ್ಪು ಬಿಳುಪು ಜೆರ್ಸಿ. ಸಮುದಾಯದ ಹೆಸರಲ್ಲಿ ಕ್ಲಬ್ ಇರುವುದು ಆ ಕಾಲದಲ್ಲಿ ಸಾಮಾನ್ಯ. ಬೊಂಬಾಯಿಯ ಕ್ರಿಕೆಟ್‌ನಲ್ಲಿ ಹಿಂದೂ, ಪಾರ್ಸಿ, ಮುಸ್ಲಿಂ, ಯುರೋಪಿಯನ್ ಎಂದೇ ತಂಡಗಳು ಆಡುತ್ತಿದ್ದವು. ಮೊಹಮ್ಮಡನ್ ಕ್ಲಬ್ ಕಲ್ಕತ್ತಾದ ಮುಸ್ಲಿಮರ ಕ್ಲಬ್ ಆಗಿತ್ತು. ಬಹಳ ವರ್ಷ ಸಣ್ಣ ಪುಟ್ಟ ಕಪ್‌ಗಳಲ್ಲಿ ಆಡಿಕೊಂಡಿತ್ತು, ದೊಡ್ಡ ಹೆಸರೇನೂ ಇರಲಿಲ್ಲ. ಲೀಗ್‌ನ ಎರಡನೇ ಡಿವಿಜನ್‌ನಿಂದ ಅದು ಮೇಲೆ ಬಂದದ್ದು 1933ರ ಆಟದ ಬಲದಿಂದ.

ಅಲ್ಲಿ ಕ್ಲಬ್ ಎರಡು ಕೆಲಸ ಮಾಡಿತು. ಎರಡೂ ಕೇಳಲು ಸರಳ.

ಒಂದು, ಊರಿನ ಹೊರಗಿನಿಂದ ಆಟಗಾರರನ್ನು ತಂದದ್ದು. ಬೇರೆ ಕ್ಲಬ್‌ಗಳಿಗೆ ಕಲ್ಕತ್ತಾ ಮತ್ತು ಬಂಗಾಳದ ಹುಡುಗರೇ ಸಾಕಾಗುತ್ತಿದ್ದರು. ಮೊಹಮ್ಮಡನ್ ಕ್ಲಬ್‌ಗೆ ತನ್ನ ಸಮುದಾಯದೊಳಗೇ ಆಟಗಾರರನ್ನು ಹುಡುಕಬೇಕಿದ್ದರಿಂದ ಊರೊಳಗಿನ ಆಯ್ಕೆ ಕಡಿಮೆ. ಆ ಕೊರತೆಯೇ ಅನುಕೂಲ ಆಯಿತು. ಇಡೀ ದೇಶದ ಮೇಲೆ ಕಣ್ಣು ಹಾಯಿಸಿದರು. ದೆಹಲಿಯಿಂದ, ಕ್ವೆಟ್ಟಾ ಕಡೆಯಿಂದ, ನಮ್ಮ ಬೆಂಗಳೂರಿನಿಂದ ಆಟಗಾರರು ಬಂದರು. ಬಿಹಾರದ ಪೂರ್ಣಿಯಾ ಕಡೆಯ ಸೈಯದ್ ಅಬ್ದುಸ್ ಸಮದ್ ಕೂಡ ಈ ತಂಡ ಸೇರಿದರು. ಆಗಲೇ ನಲವತ್ತರ ಹತ್ತಿರ ವಯಸ್ಸು, ಆದರೂ ಜನ ಅವರನ್ನು ಫುಟ್‌ಬಾಲ್ ಜಾದೂಗಾರ ಎಂದೇ ಕರೆಯುತ್ತಿದ್ದರು. ಅವರ ಬಗ್ಗೆ ಇಂದಿಗೂ ಹೇಳುವ ಒಂದು ಕತೆ ಇದೆ. ಒಂದು ಪಂದ್ಯದಲ್ಲಿ ಅವರ ಹೊಡೆತ ಮೇಲಿನ ಕಂಬಕ್ಕೆ ತಗುಲಿ ವಾಪಸ್ ಬಂತಂತೆ. ನನ್ನ ಅಳತೆ ತಪ್ಪಲ್ಲ, ನಿಮ್ಮ ಗೋಲ್‌ಪೋಸ್ಟೇ ಗಿಡ್ಡ ಎಂದು ಅವರು ವಾದಿಸಿದರಂತೆ. ಅಳೆದು ನೋಡಿದರೆ ನಿಜವಾಗಿಯೂ ಗಿಡ್ಡ ಇತ್ತಂತೆ. ಇದು ಜನರ ಬಾಯಲ್ಲಿ ಬೆಳೆದ ಕತೆಯೇ ಇರಬಹುದು. ಆದರೆ ಎಂಥ ಆಟಗಾರನ ಬಗ್ಗೆ ಇಂಥ ಕತೆ ಹುಟ್ಟುತ್ತದೆ ಎಂದು ಯೋಚಿಸಿ.

ಹೀಗೆ ಹೊರಗಿನಿಂದ ಬಂದವರಿಗೆ ಸಂಬಳ ಕೊಡುವಂತಿಲ್ಲ, ಲೀಗ್ ಅಮೆಚೂರ್. ಆದರೆ ದೂರದ ಊರಿಂದ ಬಂದವನು ಗಾಳಿ ತಿಂದು ಬದುಕಲಾರ. ಇರಲು ಜಾಗ, ಊಟ, ಒಂದು ಕೆಲಸ, ಇಷ್ಟನ್ನು ಯಾರಾದರೂ ನೋಡಿಕೊಳ್ಳಲೇಬೇಕು. ನಮ್ಮ ದೇಶದ ಫುಟ್‌ಬಾಲ್‌ನಲ್ಲಿ ಅಮೆಚೂರ್ ಎಂಬ ಪದ ಮುಂದೆ ಹಲವು ದಶಕ ಈ ಅರ್ಥದಲ್ಲೇ ಉಳಿಯಿತು. ಕೆಲಸ ಆಫೀಸಿನಲ್ಲಿ, ಹೆಸರು ಮೈದಾನದಲ್ಲಿ.

ಎರಡನೇ ಕೆಲಸ ಬೂಟು. ಒಣ ದಿನ ಬರಿಗಾಲು, ಒದ್ದೆ ದಿನ ಹಗುರವಾದ ಬೂಟು. ಅಷ್ಟೇ! ಬರಿಗಾಲಿನ ಚುರುಕನ್ನು ಬಿಡಲಿಲ್ಲ, ಮಳೆಯ ದಿನ ಜಾರಿ ಬೀಳಲೂ ಇಲ್ಲ. ಆಟಗಾರರಿಗೆ ಬೂಟಿನಲ್ಲಿ ಆಡುವ ಅಭ್ಯಾಸ ಮಾಡಿಸಿದ್ದೇ ಇದರಲ್ಲಿ ಕಷ್ಟದ ಭಾಗ. ಆದರೆ ಆ ತಂಡದಲ್ಲಿ ದೇಶದ ಬೇರೆ ಬೇರೆ ಮೂಲೆಗಳಿಂದ ಬಂದವರಿದ್ದರು. ಬಂಗಾಳದವರಷ್ಟು ಬರಿಗಾಲಿನ ಹೆಮ್ಮೆಗೆ ಅವರು ಅಂಟಿಕೊಳ್ಳಬೇಕಿರಲಿಲ್ಲ ಎಂಬುದು ನನ್ನ ಊಹೆ. ಹೊಸ ಆಟಗಾರರು ಮತ್ತು ಹೊಸ ಬೂಟು ಎರಡನ್ನೂ ಒಟ್ಟಿಗೇ ನೋಡಬೇಕು. ಒಂದು ಇಲ್ಲದೆ ಇನ್ನೊಂದು ಇಷ್ಟು ಬೇಗ ಫಲ ಕೊಡುತ್ತಿರಲಿಲ್ಲ.

ಫಲ ಮೊದಲ ವರ್ಷವೇ ಬಂತು. ಮೊದಲ ಡಿವಿಜನ್‌ಗೆ ಬಂದ ಮೊದಲ ಸೀಸನ್, 1934, ಅದೇ ಸೀಸನ್‌ನಲ್ಲಿ ಚಾಂಪಿಯನ್. ಡರ್ಹಮ್‌ನವರ ಮೂರು ವರ್ಷದ ಆಳ್ವಿಕೆ ಮುಗಿಯಿತು. ಅಷ್ಟಕ್ಕೇ ನಿಲ್ಲಲಿಲ್ಲ. 1935, 1936, 1937, 1938. ಸತತ ಐದು ಲೀಗ್. ಅದಕ್ಕೆ ಮೊದಲು ಯಾರೂ ಹಾಗೆ ಗೆದ್ದಿರಲಿಲ್ಲ, ಬ್ರಿಟಿಷರೂ ಇಲ್ಲ. ಈಸ್ಟ್ ಬೆಂಗಾಲ್ 1970ರಿಂದ 1975ರವರೆಗೆ ಸತತ ಆರು ಗೆಲ್ಲುವ ತನಕ ಆ ದಾಖಲೆ ಹಾಗೇ ಇತ್ತು. 1936ರಲ್ಲಿ ಲೀಗ್ ಜೊತೆಗೆ ಐಎಫ್‌ಎ ಶೀಲ್ಡ್ ಕೂಡ, ಅದೂ ಫೈನಲ್‌ನಲ್ಲಿ ಕ್ಯಾಲ್ಕಟ್ಟಾ ಎಫ್‌ಸಿಯನ್ನು ಸೋಲಿಸಿ. ಯುರೋಪಿಯನ್ನರ ಅತಿ ಹಳೆಯ, ಅತಿ ಗತ್ತಿನ ಕ್ಲಬ್ ಅದು.

ಅದೇ 1936ರಲ್ಲಿ ಈ ತಂಡದ ಮೊಹಮ್ಮದ್ ಸಲೀಮ್ ಸ್ಕಾಟ್ಲೆಂಡಿಗೆ ಹೋದರು. ಗ್ಲಾಸ್ಗೋದ ಸೆಲ್ಟಿಕ್ ಕ್ಲಬ್ ಅವರನ್ನು ಎರಡು ಪಂದ್ಯದಲ್ಲಿ ಆಡಿಸಿತು. ಹ್ಯಾಮಿಲ್ಟನ್ ಎದುರು 5-1, ಗಾಲ್‌ಸ್ಟನ್ ಎದುರು 7-1, ಎರಡೂ ಗೆಲುವು. ಸಲೀಮ್ ಅಲ್ಲಿಯೂ ಬೂಟು ಹಾಕಲಿಲ್ಲ. ಪಾದಕ್ಕೆ ಬ್ಯಾಂಡೇಜ್ ಸುತ್ತಿಕೊಂಡು ಆಡಿದರು. ಯುರೋಪಿನ ಕ್ಲಬ್ ಒಂದಕ್ಕೆ ಆಡಿದ ಮೊದಲ ಭಾರತೀಯರಲ್ಲಿ ಅವರ ಹೆಸರು ಬರುತ್ತದೆ. ಅಲ್ಲಿಯೇ ಉಳಿಯಬಹುದಿತ್ತು. ಊರಿನ ನೆನಪಾಗಿ ವಾಪಸ್ ಬಂದರು, ಮತ್ತೆ ಕಪ್ಪು ಬಿಳುಪು ಜೆರ್ಸಿ ತೊಟ್ಟರು. ಬೂಟಿನಿಂದ ಲೀಗ್ ಗೆದ್ದ ತಂಡದ ಅತಿ ಪ್ರಸಿದ್ಧ ಫೋಟೋ ಬರಿಗಾಲಿಗೆ ಬ್ಯಾಂಡೇಜ್ ಕಟ್ಟಿಸಿಕೊಳ್ಳುತ್ತಿರುವ ಸಲೀಮ್ ಅವರದು. ಒಂದೇ ಕ್ಲಬ್‌ನಲ್ಲಿ ಎರಡೂ ದಾರಿ ಇದ್ದವು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇಕಿಲ್ಲ.

ಇಂಥ ತಂಡವನ್ನು ಆ ಐದು ವರ್ಷಗಳಲ್ಲಿ ದೊಡ್ಡ ಫೈನಲ್ ಒಂದರಲ್ಲಿ ಸೋಲಿಸಿದ್ದು ಯಾರು ಗೊತ್ತಾ? ಬೆಂಗಳೂರಿನವರು. ಬೊಂಬಾಯಿಯಲ್ಲಿ 1891ರಿಂದ ರೋವರ್ಸ್ ಕಪ್ ನಡೆಯುತ್ತಿತ್ತು. 46 ವರ್ಷ ಅದು ಸೇನಾ ತಂಡಗಳ ಕೈಯಲ್ಲೇ ಇತ್ತು. 1937ರ ಫೈನಲ್‌ಗೆ ಬಂದ ಎರಡು ತಂಡಗಳೂ ಭಾರತೀಯರವು. ಒಂದು ಮೊಹಮ್ಮಡನ್ ಸ್ಪೋರ್ಟಿಂಗ್, ಇನ್ನೊಂದು ಬೆಂಗಳೂರು ಮುಸ್ಲಿಮ್ಸ್. ನಮ್ಮವರು 1-0ರಿಂದ ಗೆದ್ದರು. ರೋವರ್ಸ್ ಕಪ್ ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರಿನದು! ಮರುವರ್ಷ ಮತ್ತೆ ಗೆದ್ದರು. ದಂಡು ಪ್ರದೇಶದಲ್ಲಿ ಸೈನಿಕರ ಆಟ ನೋಡಿ ಕಲಿತು, ಆಮೇಲೆ ಅವರನ್ನೇ ಸೋಲಿಸುವ ಮಟ್ಟಕ್ಕೆ ಬಂದ ಊರು ನಮ್ಮದು. 1940ರಲ್ಲಿ ಇವೇ ಎರಡು ತಂಡ ಮತ್ತೆ ರೋವರ್ಸ್ ಫೈನಲ್ ಆಡಿದವು. ಆ ಸಲ ಮೊಹಮ್ಮಡನ್ 1-0ರಿಂದ ಲೆಕ್ಕ ಚುಕ್ತಾ ಮಾಡಿತು. ಬೆಂಗಳೂರಿನಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡುವಾಗ ಈ ಹೆಸರು ಯಾಕೆ ಜಾಸ್ತಿ ಕೇಳುವುದಿಲ್ಲ ಎಂದು ನನಗೆ ಬೇಸರ ಆಗುತ್ತದೆ. ಆಸ್ಟಿನ್ ಟೌನ್, ಗೌತಮಪುರದ ಗಲ್ಲಿಗಳಲ್ಲಿ ಇವತ್ತಿಗೂ ಚೆಂಡು ಒದೆಯುವ ಮಕ್ಕಳಿಗೆ ಇದನ್ನು ಹೇಳುವವರು ಬೇಕು.

ಕಲ್ಕತ್ತಾದಲ್ಲಿ ಎಲ್ಲವೂ ಸುಸೂತ್ರವಾಗಿ ಇರಲಿಲ್ಲ. ಫುಟ್‌ಬಾಲ್ ನಡೆಸುತ್ತಿದ್ದ ಐಎಫ್‌ಎ ಜೊತೆ ಜಗಳ ಬೆಳೆಯಿತು. 1939ರಲ್ಲಿ ಮೊಹಮ್ಮಡನ್, ಈಸ್ಟ್ ಬೆಂಗಾಲ್, ಕಾಳಿಘಾಟ್, ಆರ್ಯನ್ಸ್ ಪಕ್ಷಪಾತ ನಡೆದಿದೆ ಎಂದು ಲೀಗ್ ಬಿಟ್ಟು ಹೊರಬಂದವು. ಆ ವರ್ಷ ಮೋಹನ್ ಬಗಾನ್ ತನ್ನ ಮೊದಲ ಲೀಗ್ ಗೆದ್ದಿತು. ಶೀಲ್ಡ್ ಗೆದ್ದು 28 ವರ್ಷದ ಮೇಲೆ! ಲೀಗ್ ಎಷ್ಟು ಕಠಿಣ ಎಂದು ಮೊದಲೇ ಹೇಳಿದ್ದೆನಲ್ಲ. 1940ರಲ್ಲಿ ಮೊಹಮ್ಮಡನ್ ವಾಪಸ್ ಬಂದು ಮತ್ತೆ ಲೀಗ್ ಗೆದ್ದಿತು, 1941ರಲ್ಲೂ. 1940ರ ಡಿಸೆಂಬರ್‌ನಲ್ಲಿ ದೆಹಲಿಯಲ್ಲಿ ರಾಯಲ್ ವಾರ್ವಿಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಡುರಾಂಡ್ ಕಪ್ ಕೂಡ ಎತ್ತಿತು. ಡುರಾಂಡ್ ಕಪ್ 1888ರಿಂದ ಇದ್ದದ್ದು, ಸೇನೆಗೆಂದೇ ಶುರುವಾದದ್ದು. ಭಾರತೀಯರ ಕ್ಲಬ್ ಅದನ್ನು ಗೆದ್ದದ್ದು ಅದೇ ಮೊದಲು. ಲೀಗ್, ರೋವರ್ಸ್, ಡುರಾಂಡ್, ಮೂರೂ ಒಂದೇ ವರ್ಷ.

ದೇಶ ಭಾಗವಾದಾಗ ಈ ಕ್ಲಬ್‌ಗೆ ಬಿದ್ದ ಪೆಟ್ಟು ದೊಡ್ಡದು. ಅಭಿಮಾನಿಗಳು, ಆಟಗಾರರು, ಪೋಷಕರು, ಎಷ್ಟೋ ಜನ ಗಡಿಯ ಆಚೆಗೆ ಹೋದರು. ಆದರೂ 1948ರಲ್ಲಿ ಲೀಗ್ ಗೆದ್ದರು. ಆಮೇಲೆ 1957, 1967, 1981. ಅಲ್ಲಿಂದ ಮುಂದೆ ನಲವತ್ತು ವರ್ಷ ಲೀಗ್ ಕೈಗೆ ಬರಲಿಲ್ಲ. ಈ ನಲವತ್ತು ವರ್ಷ ಸಂಜೆ ಸಂಜೆ ಟೆಂಟಿನ ಮುಂದೆ ಬಂದು ಕುಳಿತ ಅಭಿಮಾನಿಗಳನ್ನು ನೆನೆದರೆ ಮನಸ್ಸು ತುಂಬಿ ಬರುತ್ತದೆ. 2021ರಲ್ಲಿ ಲೀಗ್ ಮತ್ತೆ ಬಂತು. 2022, 2023ರಲ್ಲೂ ಬಂತು. 2024ರಲ್ಲಿ ದೇಶದ ಎರಡನೇ ಹಂತದ ಲೀಗ್ ಆದ ಐ-ಲೀಗ್ ಗೆದ್ದು, ಮೊದಲ ಹಂತದ ಇಂಡಿಯನ್ ಸೂಪರ್ ಲೀಗ್‌ಗೆ ಏರಿದರು. ಕೆಳಗಿನಿಂದ ಗೆದ್ದು ಮೇಲೆ ಹೋಗುವುದು, 1933ರ ಹಾಗೆಯೇ.

ಹೊಸ ಲೀಗ್‌ನಲ್ಲಿ ಆ ಮೊದಲ ಸೀಸನ್ ಅವರಿಗೆ ಕಷ್ಟದ್ದಾಗಿತ್ತು. ಆದರೂ 2025ರ ಜನವರಿಯಲ್ಲಿ ನಮ್ಮ ಕಂಠೀರವ ಕ್ರೀಡಾಂಗಣಕ್ಕೆ ಬಂದು, ಆಟ ಮುಗಿಯಲು ಕೆಲವೇ ನಿಮಿಷ ಇರುವಾಗ ಒಂದು ಫ್ರೀ ಕಿಕ್‌ನಿಂದ ಗೋಲ್ ಹೊಡೆದು ಬೆಂಗಳೂರು ಎಫ್‌ಸಿಯನ್ನು 1-0ರಿಂದ ಸೋಲಿಸಿ ಹೋದರು. 1937ರಲ್ಲಿ ಬೊಂಬಾಯಿಯಲ್ಲಿ ಬೆಂಗಳೂರಿನವರು ಅವರನ್ನು ಸೋಲಿಸಿದ್ದು ಕೂಡ ಅದೇ ಸ್ಕೋರಿನಿಂದ.